ಬೀಗ ಹಾಕಿದ ಮನೆ

ಮಂಗಳವಾರ ಸಂಜೆ ಚಿಕ್ಕಮ್ಮ ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. "ಬೀಗ ಹಾಕಿದ್ರೆ ಮನೆನೇ ಇಲ್ಲ ಅಂತಾನಾ?"

ಚಿಕ್ಕಮ್ಮ ತಿಪಟೂರಿನ ಹತ್ತಿರ ಪ್ರೈಮರಿ ಶಾಲೆಯಲ್ಲಿ ಟೀಚರ್. ಈಗ ಮನೆ ಮನೆ ಸಮೀಕ್ಷೆಯ ಡ್ಯೂಟಿ ಬಿದ್ದಿದೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ವಾಪಸ್ ಬರುವಾಗ ದೀಪ ಹಚ್ಚುವ ಹೊತ್ತು. ಕಾಲು ತೊಳೆದು, ಒಂದು ಲೋಟ ಮಜ್ಜಿಗೆ ಕುಡಿದು, ಜಗಲಿ ಮೇಲೆ ಕೂತು ಲಾಂಗ್ ನೋಟ್‌ಬುಕ್ ಬಿಚ್ಚುತ್ತಾರೆ. ಎಲ್ಲವನ್ನೂ ಮೊಬೈಲಿನಲ್ಲೇ ತುಂಬಬೇಕು, ಪುಸ್ತಕದಲ್ಲಿ ಬರೀರಿ ಅಂತ ಯಾರೂ ಹೇಳಿಲ್ಲ. ಆದರೂ ಬರೆಯುತ್ತಾರೆ. ನೀಲಿ ಪೆನ್ನಿನಲ್ಲಿ ಮನೆ ಯಜಮಾನರ ಹೆಸರು. ಕೆಲವು ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ 'ಬೀ.ಹಾ.', ಅದರ ಸುತ್ತ ಒಂದು ಸುತ್ತು. ಪಕ್ಕದಲ್ಲಿ ತಾರೀಖು, ಹೊತ್ತು. 'ಬೆ. 9.' 'ಸಂ. 5.' ಅದರ ಪಕ್ಕ ಸಣ್ಣಕ್ಷರದಲ್ಲಿ, 'ಕಾಯಿ ಸುಲಿಯೋಕೆ ಹೋಗಿದಾರೆ, ಪಕ್ಕದ ಮನೆಯವರು ಹೇಳಿದ್ದು.' ಬೀ.ಹಾ. ಅಂದರೆ ಬೀಗ ಹಾಕಿದೆ.

ನಾನು ರಜೆಗೆ ಅಂತ ಬಂದವಳು. ಆದರೆ ಕೆಲಸ ಮುಗಿದಿರಲಿಲ್ಲ. ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ.

"ಏನೇ ಅದು, ಆಗಿಂದ ಒಂದೇ ಸಮ ನೋಡ್ತಿದ್ದೀಯ?"

"ನಂದೂ ಸಮೀಕ್ಷೆನೇ ಚಿಕ್ಕಮ್ಮ. ನಮ್ಮ ಗ್ಯಾಲಕ್ಸಿಯಲ್ಲಿ ಮೇಸರ್‌ಗಳು ಎಲ್ಲೆಲ್ಲಿವೆ ಅಂತ ಪಟ್ಟಿ ಮಾಡೋದು."

ಪಕ್ಕ ಬಂದು ಕೂತರು. ಕನ್ನಡಕ ಹಾಕಿಕೊಂಡರು. ಹಳೆಯ ಪಟ್ಟಿಯಲ್ಲಿದ್ದ ಜಾಗಗಳನ್ನು ಹೊಸ ಡೇಟಾ ಜೊತೆ ತಾಳೆ ನೋಡುವ ಕೆಲಸ ನನ್ನದು. ಕೊನೆಯ ಕಾಲಮಿನಲ್ಲಿ 31 ಕಡೆ 'ಇಲ್ಲ' ಅಂತ ಗುರುತು ಹಾಕಿದ್ದೆ. ಚಿಕ್ಕಮ್ಮನ ಬೆರಳು ನೇರ ಅಲ್ಲಿಗೇ ಹೋಯಿತು.

"ಇದೇನು?"

"ಮುಂಚೆ ಇತ್ತು. ಈ ಸಲ ನೋಡಿದಾಗ ಕಾಣಲಿಲ್ಲ."

"ಎಷ್ಟು ಸಲ ನೋಡಿದ್ರಿ?"

"ಒಂದು ಸಲ."

"ಒಂದೇ ಸಲ ಹೋಗಿ ಇಲ್ಲ ಅಂತ ಬರೆದುಬಿಟ್ರಾ? ಬೀಗ ಹಾಕಿದ್ರೆ ಮನೆನೇ ಇಲ್ಲ ಅಂತಾನಾ?"

ಬೈದಿದ್ದಲ್ಲ. ನಿಜವಾಗಿ ಆಶ್ಚರ್ಯಪಟ್ಟು ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ. ಮೊದಲು ಮೇಸರ್ ಅಂದರೆ ಏನು ಅಂತ ಹೇಳಿದೆ.

ತೇರು ಎಳೆಯುವಾಗ ಒಬ್ಬ 'ಗೋವಿಂದಾ' ಅಂತ ಕೂಗಿದರೆ ಹಗ್ಗ ಹಿಡಿದ ಇಡೀ ಸಾಲು ಕೂಗುತ್ತದಲ್ಲ, ಹಾಗೆ. ಹೊಸದಾಗಿ ಹುಟ್ಟುತ್ತಿರುವ ದೊಡ್ಡ ನಕ್ಷತ್ರದ ಸುತ್ತ ಬೆಚ್ಚಗಿನ ಧೂಳು ಇರುತ್ತದೆ. ಅದರ ಶಾಖ ಅಲ್ಲಿನ ಅನಿಲದ ಅಣುಗಳಿಗೆ ಶಕ್ತಿ ತುಂಬಿ ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸುತ್ತದೆ. ಸರಿಯಾದ ಅಲೆ ಒಂದು ಹಾದುಹೋದರೆ ಸಾಕು, ಒಂದು ಅಣು ಕೆಳಗಿಳಿದು ಅದೇ ತಾಳದಲ್ಲಿ ತನ್ನ ಅಲೆಯನ್ನೂ ಸೇರಿಸುತ್ತದೆ. ಆಮೇಲೆ ಇನ್ನೊಂದು, ಮತ್ತೊಂದು. ಸಣ್ಣ ಅಲೆ ದಾರಿಯುದ್ದಕ್ಕೂ ಬೆಳೆಯುತ್ತಾ ಹೋಗುತ್ತದೆ. ಲೇಸರ್ ಬೆಳಕಿನಲ್ಲಿ ಮಾಡುವ ಕೆಲಸವನ್ನೇ ಇದು ರೇಡಿಯೋ ಅಲೆಯಲ್ಲಿ ಮಾಡುತ್ತದೆ. ಪರದೆಯ ಮೇಲೆ ಅದು ಬಯಲಲ್ಲಿ ನಿಂತ ಒಂಟಿ ತೆಂಗಿನ ಮರದ ಹಾಗೆ ಕಾಣುತ್ತದೆ. ಸುತ್ತ ಸಮತಟ್ಟು, ನಡುವೆ ತೆಳ್ಳಗೆ, ಎತ್ತರಕ್ಕೆ ಒಂದೇ ಗೆರೆ.

"ಯಾವ ಅನಿಲ?"

"ಮೆಥನಾಲ್."

"ಕಳ್ಳಭಟ್ಟಿ ಕುಡಿದು ಜನ ಸಾಯ್ತಾರಲ್ಲ, ಅದೇ ಮೆಥನಾಲಾ?" ಹೌದು, ಅದೇ. ಚಿಕ್ಕಮ್ಮನಿಗೆ ಒಂದು ವಿಷಯ ಹೇಳಿದರೆ ಅದನ್ನು ಗೊತ್ತಿರುವ ಯಾವುದಾದರೂ ಒಂದಕ್ಕೆ ಕಟ್ಟಿಹಾಕದೆ ಬಿಡುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಅವರಷ್ಟು ಒಳ್ಳೆಯ ಮೇಷ್ಟ್ರು ನನಗೆ ಕಾಲೇಜಿನಲ್ಲೂ ಸಿಗಲಿಲ್ಲ.

ಇನ್ನೊಂದು ವಿಷಯ ಅವರಿಗೆ ತುಂಬಾ ಹಿಡಿಸಿತು. ಮನುಷ್ಯ ಮೇಸರ್ ಮಾಡಿದ್ದು 1954ರಲ್ಲಿ. ಚಾರ್ಲ್ಸ್ ಟೌನ್ಸ್ ಮತ್ತು ಜೊತೆಗಾರರು ಅಮೋನಿಯಾದಿಂದ ಮಾಡಿದರು. 1964ರಲ್ಲಿ ಟೌನ್ಸ್‌ಗೆ ಇಬ್ಬರು ರಷ್ಯನ್ ವಿಜ್ಞಾನಿಗಳ ಜೊತೆ ನೊಬೆಲ್ ಬಂತು. ಮರುವರ್ಷ, 1965ರಲ್ಲಿ, ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದವರಿಗೆ ಆಕಾಶದಲ್ಲಿ ವಿಪರೀತ ಪ್ರಖರವಾದ ಒಂದು ಗೆರೆ ಕಂಡಿತು. ಏನಂತ ತಿಳಿಯದೆ 'ಮಿಸ್ಟೀರಿಯಂ' ಅಂತ ಕರೆದರು. ಅದು ಹೈಡ್ರಾಕ್ಸಿಲ್ ಅಣುವಿನ ಮೇಸರ್ ಅಂತ ಆಮೇಲೆ ಗೊತ್ತಾಯಿತು. 1969ರಲ್ಲಿ ನೀರಿನ ಮೇಸರ್ ಸಿಕ್ಕಿತು, ಆ ತಂಡದಲ್ಲಿ ಟೌನ್ಸ್ ಕೂಡ ಇದ್ದರು. "ಅಲ್ಲಿ ಮೊದಲಿಂದಲೂ ಇತ್ತು, ನಾವು ಮಾಡಿದ ಮೇಲೆ ಗುರುತು ಸಿಕ್ತು" ಅಂದರು ಚಿಕ್ಕಮ್ಮ. ನಾನು ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಅವರು ಇಟ್ಟಿಗೆ ಗೂಡಿನ ಕಥೆ ಹೇಳಿದರು. ಅವರಿಗೆ ಕೊಟ್ಟ ಮನೆಗಳ ಪಟ್ಟಿ ಕರೆಂಟ್ ಮೀಟರ್ ನಂಬರಿನ ಪ್ರಕಾರ ಇದೆ. ಕೆರೆ ಹಿಂದಿನ ಇಟ್ಟಿಗೆ ಗೂಡಿನ ಹತ್ತಿರ ಟಾರ್ಪಾಲ್ ಕಟ್ಟಿಕೊಂಡು ನಾಲ್ಕು ಸಂಸಾರ ಇದೆ. ಮೀಟರ್ ಇಲ್ಲ, ಹಾಗಾಗಿ ಪಟ್ಟಿಯಲ್ಲೂ ಇಲ್ಲ. ಚಿಕ್ಕಮ್ಮ ಗದ್ದೆ ಬದುವಿನ ಮೇಲೆ ನಡೆದು ಹೋಗಿ ಬರೆದುಕೊಂಡು ಬಂದಿದ್ದಾರೆ. ಜೊತೆಯ ಟೀಚರ್ ಒಬ್ಬರು, "ಅದು ನಮ್ಮ ಪಟ್ಟಿಯಲ್ಲಿಲ್ಲ, ನಿಮಗ್ಯಾಕೆ" ಅಂದರಂತೆ. ಆ ಟೀಚರ್‌ನ ನಾನೂ ನೋಡಿದ್ದೇನೆ. ಕೆಟ್ಟವರಲ್ಲ. ಆದರೆ ಪಟ್ಟಿಯಿಂದಾಚೆ ಒಂದು ಹೆಜ್ಜೆ ಇಡುವವರೂ ಅಲ್ಲ.

ಅನ್ನ ಕಲೆಸುತ್ತಾ ನನಗೆ ಪಾರ್ಕ್ಸ್ ರೇಡಿಯೋ ಟೆಲಿಸ್ಕೋಪ್ ನೆನಪಾಯಿತು. ಮೆಥನಾಲಿನ 6.7 ಗಿಗಾಹರ್ಟ್ಸ್ ಗೆರೆಯನ್ನು ಕಾರ್ಲ್ ಮೆಂಟೆನ್ 1991ರಲ್ಲಿ ಕಂಡುಹಿಡಿದರು. ಸೂರ್ಯನಿಗಿಂತ ಎಷ್ಟೋ ಪಟ್ಟು ತೂಕದ ನಕ್ಷತ್ರಗಳು ಹುಟ್ಟುವ ಕಡೆ ಮಾತ್ರ ಈ ಮೇಸರ್ ಸಿಗುತ್ತದೆ, ಅದಕ್ಕೇ ಇದಕ್ಕೆ ಇಷ್ಟು ಬೆಲೆ. ಆದರೆ ಶುರುವಿನಲ್ಲಿ ಹುಡುಕಿದ್ದೆಲ್ಲ ಗೊತ್ತಿದ್ದ ಜಾಗಗಳಲ್ಲೇ ಜಾಸ್ತಿ. ಇನ್‌ಫ್ರಾರೆಡ್‌ ಬೆಳಕಿನಲ್ಲಿ ಕಂಡ ಜಾಗಗಳ ಪಟ್ಟಿಯಲ್ಲಿದ್ದವು, ಹೈಡ್ರಾಕ್ಸಿಲ್ ಮೇಸರ್ ಆಗಲೇ ಸಿಕ್ಕಿದ್ದವು. ಮೀಟರ್ ಇದ್ದ ಮನೆಗಳು ಅಂದುಕೊಳ್ಳಿ. 2006ರಿಂದ ಆಸ್ಟ್ರೇಲಿಯಾದ ಪಾರ್ಕ್ಸ್‌ನ 64 ಮೀಟರ್ ಡಿಶ್‌ಗೆ, ಒಂದೇ ಸಲ ಏಳು ಕಡೆ ನೋಡುವ ರಿಸೀವರ್ ಕೂರಿಸಿ, ಯಾವ ಪಟ್ಟಿಯನ್ನೂ ನೆಚ್ಚಿಕೊಳ್ಳದೆ ಆಕಾಶಗಂಗೆಯ ಪಟ್ಟೆಯನ್ನು ಗುಡಿಸಿದ ಹಾಗೆ ನೋಡುತ್ತಾ ಹೋದರು. ನಡುಗೆರೆಯಿಂದ 2 ಡಿಗ್ರಿ ಮೇಲೆ, 2 ಡಿಗ್ರಿ ಕೆಳಗೆ. ಇಡೀ ಪಟ್ಟೆಯ ಸುಮಾರು ಶೇಕಡ 60 ಭಾಗ ಮುಗಿಯುವ ಹೊತ್ತಿಗೆ 972 ಮೇಸರ್ ಸಿಕ್ಕಿದ್ದವು. ಏನೂ ಇಲ್ಲ ಅಂದುಕೊಂಡ ಕಡೆಗೂ ಡಿಶ್ ತಿರುಗಿಸಿ ಅಷ್ಟೇ ಹೊತ್ತು ಕಾದವರ ಮೇಲೆ ನನಗೆ ಮೊದಲಿಂದಲೂ ಗೌರವ. ಈ ವಾರ ಅದು ಇನ್ನೂ ಜಾಸ್ತಿಯಾಗಿದೆ.

ಈ ಎಣಿಕೆಯಿಂದ ಆಗುವ ಉಪಯೋಗ ದೊಡ್ಡದು. ನಾವು ಗ್ಯಾಲಕ್ಸಿಯ ಒಳಗೇ ಕೂತಿದ್ದೇವೆ, ಅದರ ಆಕಾರ ಹೊರಗಿನಿಂದ ನೋಡಲು ಆಗುವುದಿಲ್ಲ. ಧೂಳು ಬೇರೆ ಅಡ್ಡ. ರೇಡಿಯೋ ಅಲೆ ಧೂಳು ದಾಟಿ ಬರುತ್ತದೆ. ಭೂಮಿ ಸೂರ್ಯನ ಈ ಕಡೆ ಇದ್ದಾಗ ಒಮ್ಮೆ, ಆ ಕಡೆ ಹೋದಾಗ ಇನ್ನೊಮ್ಮೆ ಮೇಸರನ್ನು ನೋಡಿ, ಅದರ ಜಾಗ ಎಷ್ಟು ಅಲುಗಿತು ಅಂತ ಅಳೆದರೆ ದೂರ ಗೊತ್ತಾಗುತ್ತದೆ. 2019ರ ಹೊತ್ತಿಗೆ ಸುಮಾರು 200 ಮೇಸರ್‌ಗಳ ದೂರವನ್ನು ಹೀಗೆ ಅಳೆದಿದ್ದರು. ಗ್ಯಾಲಕ್ಸಿಯ ನಡುವಿನಿಂದ ನಾವು ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರ ಇದ್ದೇವೆ ಅಂತ ಆ ಅಳತೆಯಿಂದಲೂ ಸಿಕ್ಕಿತು.

ಅಷ್ಟೆಲ್ಲ ಗೊತ್ತಿದ್ದೂ, ಬುಧವಾರ ಬೆಳಗಿನ ಜಾವ ಎಚ್ಚರವಾದಾಗ ಮತ್ತೆ ಅದೇ ಮಾತು. ಬೀಗ ಹಾಕಿದ್ರೆ ಮನೆನೇ ಇಲ್ಲ ಅಂತಾನಾ?

ಯಾಕೆಂದರೆ ಮೇಸರ್‌ಗಳು ನಿಜವಾಗಿಯೂ ಬಾಗಿಲು ಹಾಕಿ ತೆಗೆಯುತ್ತವೆ. ಜಿ 107.298+5.639 ಅಂತ ಒಂದಿದೆ. ಅದರಲ್ಲಿ ಮೆಥನಾಲ್ ಮೇಸರ್ ಸುಮಾರು 34 ದಿನಕ್ಕೊಮ್ಮೆ ಹೊಳೆದು, ಆಮೇಲೆ ಕಾಣದಷ್ಟು ಮಂಕಾಗುತ್ತದೆ. ಅದು ಮಂಕಾದಾಗ ಅಲ್ಲಿನ ನೀರಿನ ಮೇಸರ್ ಹೊಳೆಯುತ್ತದೆ. ಗಂಡ ರಾತ್ರಿ ಪಾಳಿ, ಹೆಂಡತಿ ಹಗಲು ಪಾಳಿ ಇರುವ ಮನೆಯ ಹಾಗೆ. ಪೋಲೆಂಡಿನ ಟೊರುನ್‌ನಲ್ಲಿ 32 ಮೀಟರ್ ಡಿಶ್ ಹಿಡಿದು ಬಿಡದೆ ಕಾದದ್ದಕ್ಕೆ ಇದು ಸಿಕ್ಕಿತು. 2015ರಲ್ಲಿ ಎಸ್ 255 ಎಂಬ ಜಾಗದ ಮೇಸರ್ ಇದ್ದಕ್ಕಿದ್ದಂತೆ ಉರಿದೆದ್ದಿತು. ಎಳೆಯ ನಕ್ಷತ್ರವೊಂದು ಒಮ್ಮೆಗೇ ತುಂಬಾ ಅನಿಲ ನುಂಗಿತ್ತು. ಒಂದೇ ಸಲ ನೋಡಿ ಎದ್ದು ಹೋದವರಿಗೆ ಇದು ಯಾವುದೂ ಸಿಗುವುದಿಲ್ಲ.

ಮುದಿ ನಕ್ಷತ್ರಗಳದ್ದೂ ಇದೇ ಕಥೆ. ನಮ್ಮ ಬೆಂಗಳೂರಿನಲ್ಲೇ, ರಾಮನ್ ಸಂಶೋಧನಾ ಸಂಸ್ಥೆಯ ಆವರಣದ 10.4 ಮೀಟರ್ ಡಿಶ್‌ನಿಂದ 86 ಗಿಗಾಹರ್ಟ್ಸ್‌ನಲ್ಲಿ ಮೀರಾ ಜಾತಿಯ ನಕ್ಷತ್ರಗಳ ಸಿಲಿಕಾನ್ ಮಾನಾಕ್ಸೈಡ್ ಮೇಸರ್‌ಗಳನ್ನು ಹುಡುಕಿದ್ದರು. ಆ ನಕ್ಷತ್ರಗಳು ಉಬ್ಬಿ ಕುಗ್ಗುತ್ತಾ ಇರುತ್ತವೆ, ಜೊತೆಗೆ ಮೇಸರ್ ಕೂಡ ಏರಿ ಇಳಿಯುತ್ತದೆ. ಸದಾಶಿವನಗರದ ಆ ಮರಗಳ ನಡುವೆ ಕೂತು ಇಂಥ ಕೆಲಸ ಮಾಡಿದ್ದರು ಅಂತ ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ, ಅದು ನನಗೆ ಬೇಜಾರು.

ಇನ್ನು ಚಿಕ್ಕಮ್ಮನ ಪುಸ್ತಕದಲ್ಲಿ ಒಂದು ಗೇಟಿನ ಮನೆ ಇದೆ. ಒಳಗೆ ಟೀವಿ ಸದ್ದು ಕೇಳುತ್ತದೆ, ಬಾಗಿಲು ತೆಗೆಯುವುದಿಲ್ಲ. ಮೇಸರ್‌ಗಳಲ್ಲೂ ಹಾಗೆ ಇವೆ. ಮೇಸರ್ ಎಲ್ಲ ಕಡೆಗೂ ಒಂದೇ ಸಮ ಹೊಳೆಯುವುದಿಲ್ಲ, ಅಲೆ ಉದ್ದಕ್ಕೆ ಬೆಳೆದ ದಿಕ್ಕಿಗೆ ಮಾತ್ರ ಜೋರು. ನಮ್ಮ ಕಡೆ ಮುಖ ಮಾಡದವು ಎಷ್ಟಿವೆಯೋ, ಅವು ನಮ್ಮ ಪುಸ್ತಕಕ್ಕೆ ಬರುವುದೇ ಇಲ್ಲ.

ಬುಧವಾರವೇ ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಫೋನ್ ಮಾಡಿದೆ. ಕಾಣದ ಕಡೆಯೆಲ್ಲ ಯಾವತ್ತು ನೋಡಿದೆವು, ಎಷ್ಟು ಮಂಕಾದದ್ದರವರೆಗೆ ನಮಗೆ ಕಾಣುತ್ತಿತ್ತು, ಎರಡನ್ನೂ ಬರೆಯೋಣ ಅಂದೆ. ಬರೆಯಬೇಕು ಅಂತ ಇಬ್ಬರಿಗೂ ಗೊತ್ತಿದ್ದದ್ದೇ. ಪಟ್ಟಿ ಉದ್ದ ಆಗುತ್ತೆ ಅಂತ ಬಿಟ್ಟಿದ್ದೆವು.

"ಅಕ್ಕ, ಸುಮ್ನೆ ಯಾಕೆ? ಕಂಡಿದ್ದನ್ನ ಮಾತ್ರ ಜನ ನೋಡೋದು" ಅಂದ. ಚುರುಕು ಹುಡುಗ, ನನಗಿಂತ ಬೇಗ ಕೋಡ್ ಬರೆಯುತ್ತಾನೆ. ಅವಸರ ಒಂದೇ ಅವನ ತೊಂದರೆ. ಅವಸರ ಅವನಿಗೆ ಕಲಿಸಿದ್ದು ನಮ್ಮಂಥ ದೊಡ್ಡವರೇ, ಅದನ್ನೂ ಹೇಳಬೇಕು. ಚಿಕ್ಕಮ್ಮನ ಪುಸ್ತಕದ ಒಂದು ಪುಟದ ಫೋಟೋ ತೆಗೆದೆ, ಹೆಸರುಗಳ ಮೇಲೆ ಕೈ ಮುಚ್ಚಿ, ಬರೀ ಕೆಂಪು ಸುತ್ತುಗಳು ಕಾಣುವ ಹಾಗೆ. ಅವನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ "ಸರಿ ಅಕ್ಕ, ಕಾಲಮ್ ಹೆಸರು ಬದಲಾಯಿಸ್ತೀನಿ" ಅಂತ ಬಂತು.

ಭಾನುವಾರ ಬೆಳಿಗ್ಗೆ ಆರಕ್ಕೇ ಚಿಕ್ಕಮ್ಮ ಚೀಲ ಹೆಗಲಿಗೆ ಹಾಕಿಕೊಂಡರು. ಜನ ಕೂಲಿಗೆ ಹೊರಡುವ ಮುಂಚೆ ಹಿಡಿಯಬೇಕು ಅಂತ. ನಾನೂ ಜೊತೆಗೆ ಹೋದೆ. ಐದು ಬೀ.ಹಾ. ಮನೆಗಳಲ್ಲಿ ಮೂರು ಸಿಕ್ಕವು. ಕಾಯಿ ಸುಲಿಯೋಕೆ ಹೋಗಿದ್ದವರು ಕಾಫಿ ಕೊಟ್ಟರು. ಗೇಟಿನ ಮನೆ ತೆಗೆಯಲಿಲ್ಲ. ಚಿಕ್ಕಮ್ಮ ಗೇಟಿನ ಮೇಲೇ ಪುಸ್ತಕ ಇಟ್ಟು ಬರೆದರು, 'ಬೆ. 6.40, ದೀಪ ಇತ್ತು.'