ಕೇರೆ ಹಾವಿನ ಮೇಲಿನ ಆರೋಪಪಟ್ಟಿ

ನಮ್ಮ ಪಾಂಡವಪುರದ ಕಡೆ ಕೇರೆ ಹಾವಿನಷ್ಟು ಅಪವಾದ ಹೊತ್ತ ಪ್ರಾಣಿ ಇನ್ನೊಂದಿಲ್ಲ. ಅದು ಹಸುವಿನ ಹಿಂಗಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದಂತೆ. ಅದರ ಬಾಲದಲ್ಲಿ ವಿಷವಿದೆಯಂತೆ. ಅದು ನಾಗರಹಾವಿನ ಗಂಡಂತೆ. ಮೂರೂ ಸುಳ್ಳು. ಚಿಕ್ಕಪ್ಪನ ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕವಾಗುವವರೆಗೂ ಈ ಕಥೆಗಳು ನಡೆಯುತ್ತವೆ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾದರೂ ಕುಳಿತು ಕೇಳುತ್ತೇನೆ. ಅಷ್ಟು ಸೊಗಸಾಗಿ ಹೇಳುತ್ತಾರೆ.

ಹಾಲು ಚೀಪಲು ಹಾವಿಗೆ ತುಟಿಯಿಲ್ಲ, ಕೆನ್ನೆಯಿಲ್ಲ. ಹಿಂದಕ್ಕೆ ಬಾಗಿದ ಆ ಚೂಪು ಹಲ್ಲುಗಳು ಕೆಚ್ಚಲಿಗೆ ತಾಗಿದರೆ ಹಸು ಒದೆಯದೆ ಬಿಟ್ಟೀತೇ? ಕೇರೆ ಕೊಟ್ಟಿಗೆಗೆ ಬರುವುದು ಬೂಸಾ ಮೂಟೆಯ ಸಂದಿಯ ಇಲಿಗಾಗಿ. ಹಾಲು ಇಳಿದದ್ದು ಬಿಸಿಲಿಗೋ ಕೆಚ್ಚಲು ಬಾವಿಗೋ ಇರಬಹುದು. ಆದರೆ ಬೆಳಗ್ಗೆ ಹಾವು ಕಂಡು, ಸಂಜೆ ಹಾಲು ಕಡಿಮೆಯಾದರೆ ಕಳ್ಳ ಸಿಕ್ಕಿಬಿದ್ದ ಹಾಗೆಯೇ. ಹಾವು ಕಂಡೂ ಬಿಂದಿಗೆ ತುಂಬಿದ ದಿನವನ್ನು ಯಾರೂ ಆಲೆಮನೆಗೆ ತಂದು ಹೇಳುವುದಿಲ್ಲ.

ಇದನ್ನು ಹಳ್ಳಿಯವರ ಮೌಢ್ಯ ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ರೇಗುತ್ತದೆ. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಕಾಲೇಜು ವಿದ್ಯಾರ್ಥಿನಿಯರಿಗೆ ಪುಟ್ಟದೊಂದು ಚಿತ್ರ ತೋರಿಸಿದರು. ಎರಡು ತ್ರಿಕೋನ, ಒಂದು ವೃತ್ತ ಅತ್ತಿತ್ತ ಓಡಾಡುತ್ತವೆ, ಅಷ್ಟೇ. ಏನು ಕಂಡಿರಿ ಎಂದು ಕೇಳಿದಾಗ 34 ಮಂದಿಯಲ್ಲಿ ಒಬ್ಬಳು ಮಾತ್ರ ರೇಖಾಗಣಿತದ ಭಾಷೆಯಲ್ಲಿ ಉತ್ತರಿಸಿದಳು. ಉಳಿದವರು ಅವುಗಳಿಗೆ ಜೀವ ತುಂಬಿದರು. ದೊಡ್ಡ ತ್ರಿಕೋನ ಜಗಳಗಂಟನಾಯಿತು. ತ್ರಿಕೋನದ ಮೇಲೇ ದುರುದ್ದೇಶ ಹೊರಿಸುವ ಮನಸ್ಸು ಹಾವನ್ನು ಬಿಟ್ಟೀತೇ?

ಬರೀ ಹೊತ್ತು ಕಳೆಯುವ ಮಾತಾಗಿದ್ದರೆ ಸುಮ್ಮನಿರುತ್ತಿದ್ದೆ. ಹಾವು ಕಡಿತಕ್ಕೆ ಮಂತ್ರ ಹಾಕುವವರ ಕೀರ್ತಿ ಬೆಳೆಯುವುದೂ ಹೀಗೆಯೇ. ನಮ್ಮ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವಿಲ್ಲ. ವಿಷದ ಹಾವೂ ಕೆಲವೊಮ್ಮೆ ವಿಷ ಇಳಿಸದೆ ಕಚ್ಚುತ್ತದೆ. ಬದುಕಿದವನು ಮಂತ್ರದ ಮಹಿಮೆಯನ್ನು ಊರೆಲ್ಲ ಸಾರುತ್ತಾನೆ. ಸತ್ತವನಿಗೆ ‘ತಡವಾಗಿ ಕರೆತಂದರು’ ಎಂಬ ಒಂದೇ ಮಾತು. ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣ ಕೆಡುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಅದಕ್ಕೆ ಮದ್ದು ಆಸ್ಪತ್ರೆಯ ಚುಚ್ಚುಮದ್ದೇ ಹೊರತು ಬೇವಿನ ಸೊಪ್ಪಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಆಸ್ಪತ್ರೆಗಳು ಪ್ರಕರಣಗಳನ್ನೂ ಸಾವುಗಳನ್ನೂ ವರದಿ ಮಾಡಬೇಕು. ತನ್ನ ಕಥೆ ಹೇಳಲು ಉಳಿಯದವನು ಲೆಕ್ಕಕ್ಕಾದರೂ ಸಿಗುತ್ತಾನಲ್ಲ ಎಂದು ನನಗೆ ಸಮಾಧಾನ.

ತರಗತಿಯಲ್ಲಿ ‘ಅದು ಸುಳ್ಳು’ ಎಂದು ಬಿಟ್ಟರೆ ಮಕ್ಕಳು ಪರೀಕ್ಷೆಯಲ್ಲಿ ನನ್ನ ಉತ್ತರ ಬರೆದು, ಮನೆಯಲ್ಲಿ ಅಜ್ಜಿಯ ಉತ್ತರ ನಂಬುತ್ತಾರೆ. ಅಜ್ಜಿಯ ಕಥೆಗೆ ಕಥೆಯಿಂದಲೇ ಎದುರು ನಿಲ್ಲಬೇಕು. ಹೆಣೆದುಕೊಂಡ ಹಾವುಗಳ ಮೇಲೆ ಹೊಸ ಬಟ್ಟೆ ಹಾಕಿ, ಅದನ್ನು ಮನೆಯಲ್ಲಿಟ್ಟುಕೊಂಡರೆ ಅದೃಷ್ಟ ಎನ್ನುತ್ತಾರಲ್ಲ? ಎರಡು ಕೇರೆಗಳು ಹಾಗೆ ಎದ್ದು ನಿಂತು ಹೆಣೆದುಕೊಂಡಿದ್ದರೆ ಅದು ಸಾಮಾನ್ಯವಾಗಿ ಸರಸವಲ್ಲ, ಎರಡು ಗಂಡುಗಳ ಸೆಣಸಾಟ. ಮಕ್ಕಳಿಗೆ ಅದನ್ನು ದಸರಾ ಕುಸ್ತಿಯ ಹಾಗೆ ವರ್ಣಿಸುತ್ತೇನೆ: ಇಬ್ಬರೂ ಮೈ ಎತ್ತಿದರು, ಸುತ್ತಿಕೊಂಡರು, ಎದುರಾಳಿಯ ತಲೆಯನ್ನು ನೆಲಕ್ಕೊತ್ತಿದವನು ಗೆದ್ದ, ಸೋತವನು ಅಖಾಡ ಬಿಟ್ಟ.

ಮೊನ್ನೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಹಾಗಾದರೆ ಬಟ್ಟೆ ಹಾಕಿದರೆ ಪಂದ್ಯ ಕೆಡುವುದಿಲ್ಲವೇ ಸರ್?” ಎಂದಳು.

“ಕೆಡುತ್ತದೆ ತಾಯಿ, ಇಬ್ಬರೂ ಓಡಿಹೋಗುತ್ತಾರೆ. ಅಜ್ಜಿಗೂ ಹೇಳು,” ಎಂದೆ.