ಗೋಡೆಗೆ ಚುಚ್ಚಿದ ಗುಲಾಬಿ ಹಾಳೆ

ನಮ್ಮ ಪ್ರೆಸ್ಸಿನಲ್ಲಿ ಕ್ಯಾಲೆಂಡರಿನ ಪಕ್ಕದ ಮೊಳೆಗೆ ಒಂದು ಗುಲಾಬಿ ಬಣ್ಣದ ಪಾವತಿ ಹಾಳೆ, ಅಂದರೆ ರಸೀದಿ, ಚುಚ್ಚಿದೆ. ಮುಂದೆ ಕೆಂಪು ಶಾಯಿಯಲ್ಲಿ 10000 ಎಂಬ ನಂಬರು, ಹಿಂದೆ ನನ್ನದೇ ಅಕ್ಷರದಲ್ಲಿ ಚಹಾ ಮತ್ತು ಮಿರ್ಚಿಯ ಲೆಕ್ಕ. ಹತ್ತು ಸಾವಿರ ಮುಟ್ಟಿದ ನೆನಪಿಗೆ ಇಟ್ಟಿದ್ದೀರಾ ಎಂದು ಬಂದವರು ಕೇಳುತ್ತಾರೆ. ಹೌದು ಎಂದು ಸುಮ್ಮನಾಗುತ್ತೇನೆ. ಗಿರಾಕಿಯ ಮುಂದೆ ನಷ್ಟದ ಕಥೆ ಬಿಚ್ಚಿದರೆ ಕೈಯಲ್ಲಿದ್ದ ಕೆಲಸವನ್ನೂ ಪಕ್ಕದ ಅಂಗಡಿಗೆ ಒಯ್ದಾನು.

ಗದಗಿನಲ್ಲಿ ಪ್ರೆಸ್ಸು ಇಟ್ಟವರು ನಾವೊಬ್ಬರೇ ಅಲ್ಲ. ಮುದ್ರಣ ಕಾಶಿ ಎಂದು ಹೆಸರು ಪಡೆದ ಊರು ಇದು. ಅಪ್ಪ ಶುರು ಮಾಡಿದ್ದು ಒಂದು ಟ್ರೆಡಲ್ ಯಂತ್ರದಿಂದ. ಟ್ರೆಡಲ್ ನೋಡದವರಿಗೆ ಹೇಳಬೇಕೆಂದರೆ, ಅದು ಬಾಯಿ ತೆರೆದು ಮುಚ್ಚುವ ಕಬ್ಬಿಣದ ದವಡೆ. ತೆರೆದಾಗ ಬಲಗೈಯಿಂದ ಬಿಳಿ ಹಾಳೆ ಒಳಗಿಡಬೇಕು, ಅದೇ ಹೊತ್ತಿಗೆ ಎಡಗೈಯಿಂದ ಅಚ್ಚಾದ ಹಾಳೆ ಹೊರಗೆ ತೆಗೆಯಬೇಕು. ತಡವಾದರೆ ಬೆರಳು. ಅಪ್ಪ ಕೆಲಸಕ್ಕೆ ನಿಲ್ಲುವ ಮುನ್ನ ಹಾಳೆಗಳ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿ, ಅಂಚನ್ನು ಹೆಬ್ಬೆರಳಿನಿಂದ ಸರ್ರನೆ ಎಳೆದು, ಮೆಟ್ಟಿಲು ಮೆಟ್ಟಿಲಾಗಿ ಹರವಿ ಇಡುತ್ತಿದ್ದರು. ಪ್ರತಿ ಹಾಳೆಯ ಅಂಚೂ ಕೆಳಗಿನದಕ್ಕಿಂತ ಒಂದು ನೂಲಿನಷ್ಟು ಹಿಂದೆ. ಆಮೇಲೆ ಬೆರಳಿನ ತುದಿ ತಾಗಿಸಿದರೆ ಸಾಕು, ಒಂದೇ ಬರುತ್ತಿತ್ತು. ಎರಡು ಬಂದರೆ ಕಣ್ಣಿಗೂ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಅದನ್ನು ಕಲಿಯಲು ಹೋಗಿ ಒಂದು ರೀಮು ಲಗ್ನಪತ್ರಿಕೆ ಕೆಡಿಸಿದ್ದೆ. ಅವ್ವ ಅದನ್ನೆಲ್ಲ ಬೇಳೆ ಡಬ್ಬಿಗಳ ಕೆಳಗೆ ಹಾಸಿದಳು. ಯಾರದೋ ಮದುವೆ ನಮ್ಮ ಅಡುಗೆಮನೆಯಲ್ಲಿ ಎರಡು ವರ್ಷ ನಡೆಯಿತು.

ಆಮೇಲೆ ಬಂದದ್ದು ಹೈಡಲ್‌ಬರ್ಗ್. ಸೆಕೆಂಡ್ ಹ್ಯಾಂಡ್ ಯಂತ್ರ, ಲಾರಿಯಿಂದ ಇಳಿಸಲು ಎಂಟು ಜನ ಬೇಕಾಯಿತು. ಹಾಳೆಯನ್ನು ಫ್ಯಾನಿನ ರೆಕ್ಕೆಗಳಂತೆ ತಿರುಗುವ ಕೈಗಳಿಂದ ಹಿಡಿದು ಒಳಗೊಯ್ಯುವ ಉಪಾಯ ಜರ್ಮನಿಯ ಕಲೋನ್ ನಗರದ ಮುದ್ರಕ ಕಾರ್ಲ್ ಗಿಲ್ಕೆಯದು. ಯಂತ್ರ 1914ರಲ್ಲಿ ಲೈಪ್‌ಸಿಗ್ ಮೇಳದಲ್ಲಿ ಜನರ ಕಣ್ಣಿಗೆ ಬಿತ್ತು, 1985ರವರೆಗೂ ತಯಾರಾಯಿತು. ಹೊರದೇಶದ ಮುದ್ರಕರು ಇದನ್ನು ವಿಂಡ್‌ಮಿಲ್ ಎನ್ನುತ್ತಾರಂತೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುವುದನ್ನು ದಿನವೂ ನೋಡುವ ನಮಗೆ ಆ ಹೆಸರು ತಟ್ಟನೆ ಅರ್ಥವಾಗುತ್ತದೆ. ಎದುರುಬದುರು ಎರಡು ಕೈ. ಒಂದು ಕೈ ಅಚ್ಚಾದದ್ದನ್ನು ಹೊರಗೆ ಹಾಕುವಷ್ಟರಲ್ಲಿ ಇನ್ನೊಂದು ಹೊಸದನ್ನು ಹಿಡಿದು ದವಡೆಯೊಳಗೆ ಇರುತ್ತದೆ. ಗಂಟೆಗೆ 5,000ದಷ್ಟು ಅಚ್ಚು. ಅಪ್ಪನ ಎರಡೂ ಕೈಗಳನ್ನು ಯಾರೋ ಕಬ್ಬಿಣದಲ್ಲಿ ಎರಕ ಹೊಯ್ದ ಹಾಗೆ.

ಈಗಲೂ ಪ್ರೆಸ್ಸಿಗೆ ಬಂದ ಮಕ್ಕಳು ಆ ತಿರುಗುವ ಕೈಗಳನ್ನೇ ಬಾಯಿ ತೆರೆದು ನೋಡುತ್ತಾರೆ. ನಿಜವಾದ ಚತುರಾಯಿ ಇರುವುದು ಅದಕ್ಕಿಂತ ಒಂದು ಕ್ಷಣ ಮೊದಲು, ಹಾಳೆಯ ಅಟ್ಟಿಯ ಮೇಲೆ. ಅಲ್ಲಿ ಒಂದು ಅಡ್ಡ ಸರಳು, ಸರಳಿಗೆ ಸಾಲಾಗಿ ಸಕ್ಕರ್‌ಗಳು: ಒಳಗೆ ಟೊಳ್ಳಾದ ಪುಟ್ಟ ಬಾಯಿಗಳು. ಸರಳು ಕೆಳಗಿಳಿಯುವಾಗ ಅಟ್ಟಿಯ ಮುಂದಿನ ಅಂಚಿಗೆ ಗಾಳಿ ಊದುತ್ತದೆ, ಮೇಲಿನ ನಾಲ್ಕಾರು ಹಾಳೆಗಳು ಪುರುಪುರು ನಡುಗಿ ಬಿಡಿಯಾಗುತ್ತವೆ. ಸಕ್ಕರ್ ಮೇಲಿನದನ್ನು ಕಚ್ಚಿ ಎತ್ತುತ್ತದೆ. ಎತ್ತುವಾಗ ನೆಟ್ಟಗೆ ಎತ್ತುವುದಿಲ್ಲ, ಸ್ವಲ್ಪ ವಾಲುತ್ತದೆ. ಆ ವಾಲುವಿಕೆಯಿಂದ ಹಾಳೆಯ ಅಂಚು ಮಡಿದು, ಕೆಳಗೆ ಅಂಟಿಕೊಂಡು ಬಂದದ್ದೇನಾದರೂ ಇದ್ದರೆ ಕಳಚಿ ಬೀಳುತ್ತದೆ. ಬಾಳೆ ಎಲೆಯ ಕಟ್ಟಿನಿಂದ ಒಂದನ್ನು ಬಿಡಿಸುವಾಗ ನಾವು ತುದಿಯನ್ನು ತುಸು ಹಿಂದಕ್ಕೆ ಬಾಗಿಸುವುದಿಲ್ಲವೆ, ಹಾಗೆಯೇ. ಇಷ್ಟೂ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ. ಕಿವಿಗೆ ಕೇಳುವುದು ಒಂದು ಹುಸ್, ಒಂದು ಟಕ್.

ಅಚ್ಚು ಹಾಕುವುದು ಬಲದ ಕೆಲಸ, ಅದನ್ನು ಕಬ್ಬಿಣ ಮಾಡುತ್ತದೆ. ಐನೂರು ಹಾಳೆಗಳಲ್ಲಿ ಒಂದನ್ನೇ ಎತ್ತಿ ಉಳಿದ 499ನ್ನು ಅಲುಗಾಡಿಸದೆ ಬಿಡುವುದಕ್ಕೆ ಬಲ ಉಪಯೋಗಕ್ಕೆ ಬರುವುದಿಲ್ಲ. ಇದು ನನ್ನ ಬುದ್ಧಿಯಲ್ಲ, ನಮ್ಮ ಯಂತ್ರ ನಡೆಸುವ ಕಾಕಾನದು. ಅದನ್ನು ನಾನು ಕಲಿತದ್ದು ದುಡ್ಡು ಕೊಟ್ಟು.

ಹದಿನೈದು ವರ್ಷದ ಹಿಂದಿನ ಮಾತು. ಹೋಬಳಿಯೊಂದರ ಸಹಕಾರಿ ಸಂಘದ ಕೆಲಸ ಬಂದಿತ್ತು. 200 ಪಾವತಿ ಪುಸ್ತಕ, ಒಂದೊಂದರಲ್ಲಿ 50 ಪಾವತಿ, ಪ್ರತಿಯೊಂದಕ್ಕೂ ಬಿಳಿ ಹಾಳೆ ಒಂದು, ಗುಲಾಬಿ ನಕಲು ಒಂದು. ನಂಬರು 1ರಿಂದ 10,000. ಕಾಕಾ ತಂಗಿಯ ಮಗಳ ಮದುವೆಗೆಂದು ರೋಣಕ್ಕೆ ಹೋಗಿದ್ದ. ಬಿಳಿ ಹಾಳೆಗಳ ನಂಬರಿಂಗ್ ಮುಗಿಸಿಯೇ ಹೋಗಿದ್ದ. ಗುಲಾಬಿಯದನ್ನು ನಾನೇ ಮಾಡುತ್ತೇನೆ ಎಂದೆ. ಗುಲಾಬಿಯದು ತೆಳು ಕಾಗದ, ಹಿಡಿದರೆ ಬೆಳಕು ಕಾಣುವಂಥದ್ದು. ಯಂತ್ರ ಆಗಾಗ ಹಾಳೆ ಎತ್ತದೆ ಖಾಲಿ ಹೊಡೆಯತೊಡಗಿತು. ಎತ್ತುತ್ತಿಲ್ಲ ಎಂದರೆ ಎಳೆತ ಸಾಲದು ಎಂದುಕೊಂಡೆ. ಸಕ್ಕರಿನ ಎಳೆತ ಹೆಚ್ಚಿಸಿದೆ. ಸರಿಹೋಯಿತು. ಎಷ್ಟು ಸರಿಹೋಯಿತೆಂದರೆ ಮಧ್ಯಾಹ್ನ ಹುಡುಗನನ್ನು ನಿಲ್ಲಿಸಿ ಊಟಕ್ಕೆ ಮನೆಗೆ ಹೋಗಿ ಬಂದೆ.

ಸಂಜೆ ಬೈಂಡಿಂಗಿನವರು ಬಿಳಿಯ ಮೇಲೆ ಗುಲಾಬಿ ಜೋಡಿಸಿ ಪುಸ್ತಕ ಮಾಡುತ್ತ ಕೂತರು. ಮರುದಿನ ಕೆಲಸ ಮುಗಿದಾಗ ಹುಡುಗ ಒಂದು ಗುಲಾಬಿ ಹಾಳೆ ತಂದು ತೋರಿಸಿದ. 'ಅಣ್ಣಾ, ಇದೊಂದು ಉಳಿಯಿತು.' ನಂಬರು 10000. ಉಳಿದರೆ ಉಳಿಯಲಿ, ಕಡಿಮೆ ಬೀಳಲಿಲ್ಲವಲ್ಲ ಎಂದು ಅದರ ಹಿಂಬದಿಗೆ ಚಹಾದ ಲೆಕ್ಕ ಬರೆದುಕೊಂಡೆ.

ಮೂರು ತಿಂಗಳಿಗೆ ಸಂಘದ ಕಾರ್ಯದರ್ಶಿ ಒಂದು ಪುಸ್ತಕ ಹಿಡಿದು ಬಂದು ಮೇಜಿನ ಮೇಲೆ ಇಟ್ಟರು, ಕೂರಲಿಲ್ಲ. ಬಿಳಿ ಪಾವತಿ 4218, ಅದರ ಕೆಳಗಿನ ಗುಲಾಬಿ ಹಾಳೆಗೆ ನಂಬರೇ ಇಲ್ಲ. ಬಿಳಿ 4219ರ ಕೆಳಗೆ ಗುಲಾಬಿ 4218. ಬಿಳಿ 4220ರ ಕೆಳಗೆ ಗುಲಾಬಿ 4219. ಅಲ್ಲಿಂದ ಕೊನೆಯವರೆಗೂ ಒಂದು ಹೆಜ್ಜೆ ಹಿಂದೆ.

ಆದದ್ದು ಇಷ್ಟು. ಪ್ರತಿ ಅಚ್ಚಿಗೂ ನಂಬರನ್ನು ತಾನೇ ಬದಲಿಸುವ ನಂಬರಿಂಗ್ ಬಾಕ್ಸನ್ನು ನಾವು ಹಿಂದಕ್ಕೆ ಎಣಿಸುವಂತೆ ಓಡಿಸುತ್ತೇವೆ, ಕೊನೆಗೆ ಅಟ್ಟಿಯ ಮೇಲೆ 1 ಬರಲಿ ಎಂದು. 4217ರ ಸರದಿಯಲ್ಲಿ ಸಕ್ಕರ್ ಎರಡು ಹಾಳೆ ಎತ್ತಿದೆ. ಮೇಲಿನದಕ್ಕೆ ನಂಬರು ಬಿದ್ದಿದೆ, ಕೆಳಗಿನದು ಕೋರಾ ಆಗಿಯೇ ಅದರ ಜೊತೆ ಹೋಗಿ ಮಲಗಿದೆ. ನಂಬರು ತಪ್ಪಲಿಲ್ಲ, ಹಾಳೆ ಒಂದು ಹೆಚ್ಚಾಯಿತು. ಜೋಡಿಸುವವರು ಪ್ರತಿ ಪುಸ್ತಕದ ಮೇಲಿನ ಬಿಳಿ ನಂಬರು ಮಾತ್ರ ನೋಡುತ್ತಾರೆ. 85ನೆಯ ಪುಸ್ತಕದಿಂದ 200ನೆಯದರವರೆಗೆ, 116 ಪುಸ್ತಕ, ಒಂದೇ ಒಂದು ಹಾಳೆಯಿಂದ ಕೆಟ್ಟವು. ಅದನ್ನು ಹೇಳಲೆಂದೇ ಕೊನೆಯ ಗುಲಾಬಿ ಹಾಳೆ ನನ್ನ ಕೈಗೆ ಬಂದಿತ್ತು. ನಾನು ಅದಕ್ಕೆ ಮಿರ್ಚಿಯ ಲೆಕ್ಕ ಬರೆದೆ.

ನಂಬರಿಲ್ಲದ ಪಾವತಿ ಹಾಳೆ ಎಂದರೆ ಲೆಕ್ಕ ತಪಾಸಣೆಯವರಿಗೆ ಏನೆಂದು ಆ ದಿನ ತಿಳಿಯಿತು. ನನಗೆ ಅದು ರದ್ದಿ. ಅವರಿಗೆ ಅದು ಯಾರೋ ಹಣ ತಿನ್ನಲು ಮಾಡಿಸಿಕೊಂಡ ದಾರಿ. ಕಾರ್ಯದರ್ಶಿ ಪಾಪ, ಪ್ರಾಮಾಣಿಕ ಮನುಷ್ಯ, ಒಂದು ವಾರ ನಿದ್ದೆ ಮಾಡಿರಲಿಲ್ಲ. ಪತ್ರ ಬರೆದುಕೊಟ್ಟೆ, ತಪ್ಪು ನಮ್ಮದು ಎಂದು. ಬಳಸದ ಪುಸ್ತಕಗಳನ್ನೆಲ್ಲ ಹೊಸದಾಗಿ ಮಾಡಿಕೊಟ್ಟೆ.

ಕಾಕಾ ಬೈಯಲಿಲ್ಲ. ಒಂದು ಗುಲಾಬಿ ಹಾಳೆ ತೆಗೆದುಕೊಂಡು ಬಾಯಿಗೆ ಒತ್ತಿ ಉಸಿರು ಎಳೆದು ತೋರಿಸಿದ. 'ತಮ್ಮಾ, ನೋಡು. ಗಾಳಿ ಇದರೊಳಗಿಂದಲೇ ಬರುತ್ತದೆ. ಮೇಲಿನದನ್ನು ದಾಟಿ ಕೆಳಗಿನದನ್ನೂ ಎಳೆಯುತ್ತದೆ. ತೆಳು ಕಾಗದಕ್ಕೆ ಎಳೆಯುವುದನ್ನು ಕಡಿಮೆ ಮಾಡಬೇಕು, ಊದುವುದನ್ನು ನೋಡಿಕೊಳ್ಳಬೇಕು.' ಆಮೇಲೆ ಅಟ್ಟಿಯ ಮೂಲೆಗೆ ಅಂಗೈ ಇಟ್ಟು, ಬಲಗಡೆ ತಗ್ಗಿದೆ ಎಂದು ರಟ್ಟಿನ ತುಂಡು ಮಡಚಿ ಕೆಳಗೆ ತುರುಕಿದ. ಮೊದಲಿಗೆ ಹಾಳೆ ಎತ್ತದೆ ಇದ್ದುದಕ್ಕೆ ಕಾರಣ ಅದು. ಅಟ್ಟಿ ಓರೆಯಾಗಿತ್ತು, ಆ ಕಡೆಯ ಸಕ್ಕರ್‌ಗಳು ಹಾಳೆಯನ್ನು ಮುಟ್ಟುತ್ತಲೇ ಇರಲಿಲ್ಲ. ಎಳೆತಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಅಂದಿನಿಂದ ಡಬಲ್ ಶೀಟು ನನಗೆ ಒಂದು ಗೀಳಾಗಿದೆ. ಕಾರಣ ಯಂತ್ರದಲ್ಲಿ ಹುಡುಕುವುದಕ್ಕಿಂತ ಕಾಗದದಲ್ಲಿ ಹುಡುಕಿದರೆ ಬೇಗ ಸಿಗುತ್ತದೆ. ಕಟಿಂಗ್ ಯಂತ್ರದ ಬ್ಲೇಡು ಮೊಂಡಾಗಿದ್ದರೆ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ರೀಮನ್ನು ಬಿಚ್ಚಿ ಅಂಚಿಗೆ ಉಗುರು ಎಳೆದರೆ ಗರಗರ ಎನ್ನುತ್ತದೆ. ಮಳೆಗಾಲದಲ್ಲಿ ಹಾಳೆ ತೇವ ಕುಡಿದು ಅಲೆಅಲೆಯಾಗುತ್ತದೆ. ನಮ್ಮ ಕಡೆ ಮಾರ್ಚ್, ಏಪ್ರಿಲ್ ಇನ್ನೂ ಕಷ್ಟ. ಒಣಹವೆಗೆ ಹಾಳೆಗಳಲ್ಲಿ ವಿದ್ಯುತ್ತು ಹುಟ್ಟಿ, ಹೊಸ ದಂಪತಿಗಳಂತೆ ಬಿಟ್ಟಿರಲಾರವು. ಆಗ ನೆಲಕ್ಕೆ ನೀರು ಚಿಮುಕಿಸಿ, ಹಸಿ ಗೋಣಿ ಹಾಸಿ, ಕಾಗದವನ್ನು ಒಂದು ರಾತ್ರಿ ಕೋಣೆಯ ಹವೆಗೆ ಹೊಂದಿಕೊಳ್ಳಲು ಬಿಡುತ್ತೇವೆ. ಅವಸರದ ಗಿರಾಕಿಗೆ ಇದನ್ನು ವಿವರಿಸುವುದು ಮಾತ್ರ ಆಗದ ಕೆಲಸ.

ಹೋದ ದೀಪಾವಳಿಗೆ ಅಕ್ಕನ ಮಗ ತಾನು ಕೆಲಸ ಮಾಡುವ ಪೀಣ್ಯದ ಪ್ಯಾಕಿಂಗ್ ಘಟಕವನ್ನು ತೋರಿಸಲು ಕರೆದೊಯ್ದ. ಮಾತ್ರೆಯ ಖಾಲಿ ಡಬ್ಬಿಗಳು, ಇನ್ನೂ ಚಪ್ಪಟೆಯಾಗಿ ಮಡಚಿದವು, ಒಂದು ತೊಟ್ಟಿಯಲ್ಲಿ ಅಟ್ಟಿಯಾಗಿ ನಿಂತಿದ್ದವು. ಅಲ್ಲಿ ಗಾಳಿಯೂ ಇಲ್ಲ, ಸಕ್ಕರೂ ಇಲ್ಲ. ಕೆಳಗೆ ರಬ್ಬರ್ ಬೆಲ್ಟು ಓಡುತ್ತದೆ, ತಳದ ಡಬ್ಬಿಯನ್ನು ಎಳೆದುಕೊಂಡು ಹೋಗುತ್ತದೆ. ಮುಂದೆ ಒಂದು ರಬ್ಬರ್ ತಡೆ, ಅದಕ್ಕೂ ಬೆಲ್ಟಿಗೂ ನಡುವೆ ಒಂದು ಡಬ್ಬಿಯ ದಪ್ಪದಷ್ಟೇ ಸಂದು. ಆಚೆ ಕಡೆ ಇಂಕ್‌ಜೆಟ್ ತಲೆ ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು, ಅವಧಿ ಮುಗಿಯುವ ತಿಂಗಳು, ಬೆಲೆ ಎಲ್ಲವನ್ನೂ ಉಗುಳುತ್ತದೆ.

'ಮಾಮಾ, ಇದರಲ್ಲಿ ಇರುವುದು ಮೂರು ಹಿಡಿತಗಳ ಜಗಳ' ಎಂದ. ಬೆಲ್ಟು ಡಬ್ಬಿಯನ್ನು ಹಿಡಿಯುವ ಬಿಗಿ ಎಲ್ಲಕ್ಕಿಂತ ಹೆಚ್ಚಿರಬೇಕು. ತಡೆ ಮೇಲಿನ ಡಬ್ಬಿಯನ್ನು ಹಿಡಿಯುವ ಬಿಗಿ ಅದಕ್ಕಿಂತ ಕಡಿಮೆ ಇರಬೇಕು. ಡಬ್ಬಿಗೂ ಡಬ್ಬಿಗೂ ನಡುವಿನ ಬಿಗಿ ಎಲ್ಲಕ್ಕಿಂತ ಕಡಿಮೆ ಇರಬೇಕು. ಈ ಕ್ರಮ ತಪ್ಪಿದರೆ ಎರಡು ಹೋಗುತ್ತವೆ, ಇಲ್ಲವೇ ಒಂದೂ ಹೋಗುವುದಿಲ್ಲ. ರಬ್ಬರ್ ಸವೆದು ಕನ್ನಡಿಯಂತೆ ಹೊಳೆಯತೊಡಗಿದರೆ ಕ್ರಮ ತಪ್ಪುತ್ತದೆ, ಕಾಗದದ ಧೂಳು ಕೂತರೂ ತಪ್ಪುತ್ತದೆ. ಕಚೇರಿಯ ಜೆರಾಕ್ಸ್ ಯಂತ್ರ ವರ್ಷ ಕಳೆದಂತೆ ಎರಡೆರಡು ಹಾಳೆ ನುಂಗುವುದೂ ಇದೇ ರಬ್ಬರಿನಿಂದ. ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿ ನೋಡಿ, ಮೆಕ್ಯಾನಿಕ್‌ಗೆ ಆಮೇಲೆ ಫೋನ್ ಮಾಡಿ.

ಎರಡು ಡಬ್ಬಿ ಒಟ್ಟಿಗೆ ಹೋದರೆ ಏನಾಗುತ್ತದೆ ಎಂದು ಕೇಳಿದೆ. ಮೇಲಿನದಕ್ಕೆ ಬ್ಯಾಚ್ ಸಂಖ್ಯೆ ಬೀಳುತ್ತದೆ, ಕೆಳಗಿನದು ಕೋರಾ ಉಳಿಯುತ್ತದೆ ಎಂದ. ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು. ಅಲ್ಲಿ ಅದಕ್ಕೆ ಕಾವಲು ಇದೆ. ಒಂದು ಕಡೆಯಿಂದ ನಮ್ಮ ಕಿವಿಗೆ ಕೇಳದ ಶಬ್ದ ಬಿಡುತ್ತಾರೆ, ಇನ್ನೊಂದು ಕಡೆ ಅದನ್ನು ಅಳೆಯುತ್ತಾರೆ. ಡಬ್ಬಿ ಎರಡಾದರೆ ಅವುಗಳ ನಡುವೆ ಸಿಕ್ಕಿಕೊಂಡ ಗಾಳಿಯ ಪದರ ಶಬ್ದವನ್ನು ತಡೆದುಬಿಡುತ್ತದೆ, ಯಂತ್ರ ನಿಲ್ಲುತ್ತದೆ. ಎಟಿಎಂನಲ್ಲೂ ಎರಡು ನೋಟು ಅಂಟಿಕೊಂಡು ಬಂದರೆ ನಮ್ಮ ಕೈಗೆ ಕೊಡದೆ ಒಳಗಿನ ಬೇರೆ ಪೆಟ್ಟಿಗೆಗೆ ತಳ್ಳುತ್ತದೆ. ನಮ್ಮ ಆಫ್‌ಸೆಟ್ ಯಂತ್ರದಲ್ಲಿ ಇರುವುದು ಹಳೆಯ ಕಾಲದ ಕಾವಲು: ಪುಟ್ಟದೊಂದು ಗಾಲಿ, ಅದೇ ಕಾಗದದ ಪಟ್ಟಿ ಹಾಕಿ ಸಂದು ಹೊಂದಿಸಬೇಕು, ಪಟ್ಟಿ ಒಂದಾದರೆ ಸುಮ್ಮನಿರಬೇಕು, ಎರಡಾದರೆ ತಿರುಗಬೇಕು. ಹೈಡಲ್‌ಬರ್ಗಿನಲ್ಲಿ ಅದೂ ಇಲ್ಲ. ಅದರ ಕಾವಲು ಕಾಕಾ.

ಕಾಕಾನಿಗೆ ಈಗ ಎಡಗಣ್ಣಿಗೆ ಪೊರೆ ಬಂದಿದೆ. ಆದರೂ ಯಂತ್ರಕ್ಕೆ ಬೆನ್ನು ಮಾಡಿ ಚಹಾ ಕುಡಿಯುತ್ತ ಕೂತವನು ಒಮ್ಮೊಮ್ಮೆ ಲೋಟ ಕೆಳಗಿಟ್ಟು 'ನಿಲ್ಲಿಸು' ಎನ್ನುತ್ತಾನೆ. ಹೋಗಿ ನೋಡಿದರೆ ಮೇಲಿನಿಂದ ಎರಡನೆಯದೋ ಮೂರನೆಯದೋ ಹಾಳೆ ಕೋರಾ. ಹೇಗೆ ತಿಳಿಯಿತು ಎಂದರೆ, ಹುಸ್ ಎನ್ನುವುದು ಭಾರವಾಗಿ ಕೇಳಿತು ಎನ್ನುತ್ತಾನೆ. ನಾನು ವರ್ಷಗಟ್ಟಲೆ ಕಿವಿಗೊಟ್ಟಿದ್ದೇನೆ, ನನಗೆ ಎಲ್ಲ ಹುಸ್ಸೂ ಒಂದೇ. ಅದಕ್ಕಾಗಿ ನಾನು ನಡೆಸುವ ದಿನ ಪ್ರತಿ 100 ಹಾಳೆಗೆ ಯಂತ್ರ ನಿಲ್ಲಿಸಿ ನಂಬರು ಎಣಿಸುತ್ತೇನೆ. ಹುಡುಗರು ನಗುತ್ತಾರೆ. ಕೆಲಸ ಒಂದೂವರೆ ಪಟ್ಟು ಹೊತ್ತು ಹಿಡಿಯುತ್ತದೆ.

ಸೋಮವಾರ ಒಂದು ದೇವಸ್ಥಾನದ ಪಾವತಿ ಪುಸ್ತಕಗಳಿವೆ, 60 ಪುಸ್ತಕ, ನಕಲು ಹಳದಿ. ಕಾಗದ ಇಂದು ಬಂತು, ಅಂಚಿಗೆ ಉಗುರು ಎಳೆದು ನೋಡಿದೆ, ಗರಗರ ಎಂದಿತು. ಬ್ಲೇಡು ಸಾಣೆಗೆ ಕಳಿಸಬೇಕು. ಕಟ್ಟಿನ ನಾಲ್ಕೂ ಕಡೆ ಒಂದು ನೂಲು ಕತ್ತರಿಸಿ ತೆಗೆಯಬೇಕು. ಗಿರಾಕಿ ಎರಡು ಸಲ ಫೋನ್ ಮಾಡಿದ್ದಾರೆ, ಮಂಗಳವಾರ ಸಿಗುವುದಿಲ್ಲ ಎಂದು ಇನ್ನೂ ಹೇಳಿಲ್ಲ.