ಬಟ್ಟೆ ಬಿಚ್ಚಿ ನೋಡದ ರಾತ್ರಿ

ರಾತ್ರಿ ಎರಡು ಗಂಟೆಗೆ ಮೂರು ತಿಂಗಳ ಕೂಸು ಬಂತು. ಬಾಯಲ್ಲಿ ರಕ್ತ. "ಹಾಲಿನ ಬಾಟಲಿ ತಾಗಿತು ಡಾಕ್ಟ್ರೇ" ಎಂದರು ಅಪ್ಪ. ಮೇಲ್ದುಟಿ ಎತ್ತಿದೆ. ತುಟಿಯನ್ನು ವಸಡಿಗೆ ಹಿಡಿದಿಡುವ ಎಳೆ, ಫ್ರೆನುಲಂ, ಹರಿದಿತ್ತು, ರಕ್ತ ಆಗಲೇ ನಿಂತಿತ್ತು. ಹೊರಗೆ ನೆಬ್ಯುಲೈಸೇಶನ್‌ಗೆ ಆರು ಮಕ್ಕಳು ಕಾಯುತ್ತಿದ್ದರು.

"ಬಟ್ಟೆ ಬಿಚ್ಚಲಾ ಮೇಡಂ?" ಎಂದರು ಸಿಸ್ಟರ್. ಚಳಿ ಇತ್ತು. ವಾರ್ಮರ್ ಎಂದಿನಂತೆ ಕೆಟ್ಟಿತ್ತು. ಕೂಸು ಆಗಷ್ಟೇ ನಿದ್ದೆ ಹೋಗಿತ್ತು. ಬೇಡ ಎಂದೆ. ಚೀಟಿಯಲ್ಲಿ 'ಮೈನರ್ ಓರಲ್ ಇಂಜುರಿ' ಎಂದು ಗೀಚಿ ಕಳಿಸಿದೆ.

ಕೂಸಿನ ಮೇಲೆ ಯಾರಾದರೂ ಕೈಮಾಡಿರಬಹುದೆಂದು ಶಂಕಿಸಬೇಕಾದ ಗಾಯಗಳ ಟೆನ್-ಫೋರ್-ಫೇಸಸ್ ಪಟ್ಟಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವಳು ನಾನು. ಅದರಲ್ಲಿ ಎಫ್ ಅಂದರೆ ಫ್ರೆನುಲಂ. ನಡೆಯಲು ಕಲಿಯುವ ಮಗು ಬಿದ್ದು ಹರಿದುಕೊಂಡರೆ ಆ ಮಾತು ಬೇರೆ. ಇನ್ನೂ ಬೋರಲೂ ಬೀಳದ ಕೂಸು ಎಲ್ಲಿಂದ ಬೀಳಬೇಕು? ಅಳು ನಿಲ್ಲಲಿ ಅಂತ ಬಾಟಲಿ ತುರುಕಿದರೆ, ಬಾಯಿ ಒತ್ತಿ ಹಿಡಿದರೆ ಹರಿಯುತ್ತದೆ. ಇದೆಲ್ಲ ಗೊತ್ತಿದ್ದೂ ಅಪ್ಪನ ಮಾತು ಕೇಳಿ ತಲೆಯಾಡಿಸಿದ್ದೆ. ಮನುಷ್ಯ ತುಂಬಾ ಮರ್ಯಾದಸ್ಥನಂತೆ ಕಂಡಿದ್ದ.

ಹನ್ನೊಂದನೇ ದಿನ ಅದೇ ಕೂಸು ಫಿಟ್ಸ್ ಆಗಿ ಬಂತು. ಜ್ವರ ಇಲ್ಲ, ನೆತ್ತಿ ಉಬ್ಬಿತ್ತು. ಆಗಲೂ ನಾನು ಮಿದುಳಿನ ಪೊರೆಯ ಸೋಂಕು, ಮೆನಿಂಜೈಟಿಸ್ ಅಂದುಕೊಂಡು ಬೆನ್ನಿನಿಂದ ನೀರು ತೆಗೆಯುವ ಎಲ್‌ಪಿ ಟ್ರೇ ಕೇಳಿದೆ. ಎದೆಬಡಿತ ನೋಡುವ ಲೀಡ್ ಹಚ್ಚಲು ಸಿಸ್ಟರ್ ಅಂಗಿ ತೆಗೆದರು, ಟೊಪ್ಪಿಯನ್ನೂ ತೆಗೆದರು. ಕಿವಿಯ ಹಿಂದೆ ಹೆಬ್ಬೆರಳಗಲ ನೀಲಿಗಟ್ಟಿತ್ತು. "ಹುಟ್ಟುಮಚ್ಚೆ" ಎಂದರು ಅಜ್ಜಿ. ಮಂಗೋಲಿಯನ್ ಸ್ಪಾಟ್ ಅನ್ನುವ ನೀಲಿ ಹುಟ್ಟುಮಚ್ಚೆ ಸೊಂಟದ ಕೆಳಗೆ ಎಷ್ಟೋ ನೋಡಿದ್ದೇನೆ. ಕಿವಿಯ ಹಿಂದೆ? ಸಿಸ್ಟರ್ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ತಲೆಯ ಸಿಟಿ ಸ್ಕ್ಯಾನಿನಲ್ಲಿ ಎರಡೂ ಕಡೆ ಮಿದುಳಿನ ಹೊರಪೊರೆಯಡಿ ರಕ್ತ, ಸಬ್‌ಡ್ಯೂರಲ್. ಕಣ್ಣಿನ ಹಿಂಪರದೆ, ಅಂದರೆ ಫಂಡಸ್‌ನಲ್ಲಿ ಎರಡೂ ಕಣ್ಣಿನ ತುಂಬಾ ರಕ್ತದ ಚುಕ್ಕೆ. ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೋ ಎಂದು ನೋಡುವ ಪ್ಲೇಟ್‌ಲೆಟ್, ಪಿಟಿ, ಎಪಿಟಿಟಿ ಎಲ್ಲ ನಾರ್ಮಲ್. ಇನ್ನು ಮೈಯ ಮೂಳೆಗಳನ್ನೆಲ್ಲ ಬೇರೆ ಬೇರೆ ಎಕ್ಸ್-ರೇ ತೆಗೆಯುವ ಸ್ಕೆಲಿಟಲ್ ಸರ್ವೆಗೆ ಹೋದರೆ, ಎಕ್ಸ್-ರೇಯವರು "ಇಷ್ಟು ಚಿಕ್ಕ ಕೂಸಿಗೆ ಅಷ್ಟೊಂದು ಫಿಲಂ ಯಾಕೆ?" ಎಂದು ತಲೆಯಿಂದ ಕಾಲಿನವರೆಗೆ ಒಂದೇ ಬೇಬಿಗ್ರಾಂ ತೆಗೆದು ಕೊಟ್ಟರು. ಅದರಲ್ಲಿ ಪಕ್ಕೆಲುಬು ಏನು ಕಾಣುತ್ತದೆ, ಮಣ್ಣು! ಜಗಳ ಆಡಿ ಬೇರೆ ಬೇರೆ ತೆಗೆಸಿದೆವು. ಏನೂ ಸಿಗಲಿಲ್ಲ. ಎರಡು ವಾರ ಬಿಟ್ಟು ಮತ್ತೆ ತೆಗೆಸಿದಾಗ ಬೆನ್ನೆಲುಬಿನ ಪಕ್ಕದಲ್ಲೇ ಮೂರು ಪಕ್ಕೆಲುಬಿಗೆ ಕ್ಯಾಲಸ್, ಮುರಿದ ಮೂಳೆ ಕೂಡುವಾಗ ಬೆಳೆಯುವ ಗಂಟು, ಕಟ್ಟಿತ್ತು.

ಕೂಸು ಬದುಕಿತು. ಮಕ್ಕಳ ಕಲ್ಯಾಣ ಸಮಿತಿಯವರು ಬಂದರು, ಪೊಲೀಸರೂ ಬಂದರು. ಪೊಲೀಸ್ ಕೇಸಿನ ವೈದ್ಯಕೀಯ ದಾಖಲೆ, ಎಂಎಲ್‌ಸಿ, ಮಾಡುವಾಗ ಅಜ್ಜಿ ಎಲೆಅಡಿಕೆ ಸಂಚಿಯಿಂದ ಹಳೇ ಚೀಟಿ ತೆಗೆದು ಕೊಟ್ಟರು. ನನ್ನದೇ ಅಕ್ಷರ. ಗಾಯವಾದ ದಿನ ಎಂಬ ಕಾಲಂನಲ್ಲಿ ಎರಡು ತಾರೀಖು ಬರೆದೆ.